ದ್ವೀಪದ ಊರಿಗೆ ವಿದ್ಯುತ್: ಕೇಬಲ್ ಎಳೆಯಬೇಕೇ, ಅಲ್ಲಿಯೇ ಉತ್ಪಾದಿಸಬೇಕೇ?

ಪ್ರಶ್ನೆ:
ತೀರದಿಂದ 9 ಕಿ.ಮೀ. ದೂರದಲ್ಲಿರುವ, 80 ಮನೆಗಳ ದ್ವೀಪವೊಂದಕ್ಕೆ ವಿದ್ಯುತ್ ಒದಗಿಸುವ ಯೋಜನೆಯ ಕರಡನ್ನು ಸಿದ್ಧಪಡಿಸುತ್ತಿದ್ದೇವೆ. ಸದ್ಯ ಅಲ್ಲಿ ಸಂಜೆಯ ಹೊತ್ತು ಮಾತ್ರ ಡೀಸೆಲ್ ಜನರೇಟರ್ ಓಡುತ್ತದೆ. ಡೀಸೆಲ್ ದೋಣಿಯಲ್ಲೇ ಬರಬೇಕಾದ್ದರಿಂದ ಕಡಲು ಕೆರಳಿದ ದಿನಗಳಲ್ಲಿ ಅದೂ ಇಲ್ಲ. ಸಮುದ್ರದಡಿ ಕೇಬಲ್ ಹಾಕುವುದು ಸರಿಯೋ, ಸೌರಫಲಕ ಮತ್ತು ಬ್ಯಾಟರಿಗಳ ಸ್ವಂತ ಜಾಲ ಸರಿಯೋ ಎಂಬ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ತಾಂತ್ರಿಕವಾಗಿ 9 ಕಿ.ಮೀ. ದೊಡ್ಡ ಅಂತರವಲ್ಲ. ಮುಂಬಯಿಯ ಬಳಿಯ ಎಲಿಫೆಂಟಾ ದ್ವೀಪಕ್ಕೆ 2018ರ ಫೆಬ್ರವರಿಯಲ್ಲಿ ಸುಮಾರು 7.5 ಕಿ.ಮೀ. ಉದ್ದದ ಕೇಬಲ್ ಮೂಲಕವೇ ವಿದ್ಯುತ್ ಬಂತು. ಅದುವರೆಗೆ ಅಲ್ಲಿಯ ಮೂರು ಹಳ್ಳಿಗಳೂ ಸಂಜೆಯ ಜನರೇಟರನ್ನೇ ನಂಬಿಕೊಂಡಿದ್ದವು. ಆದರೆ ಅಲ್ಲಿ ಮಹಾನಗರದ ಜಾಲ ಎದುರಿಗೇ ಇದೆ, ಪ್ರವಾಸಿಗರೂ ಇದ್ದಾರೆ. ಮನೆಗಳು ಕಡಿಮೆಯೆಂಬ ಕಾರಣಕ್ಕೆ ಕೇಬಲಿನ ವೆಚ್ಚ ತಗ್ಗುವುದಿಲ್ಲ. ಮೇಲಾಗಿ, ಯಾವುದಾದರೂ ಹಡಗಿನ ಲಂಗರು ಸಿಕ್ಕಿ ಅದು ತುಂಡಾದರೆ, ದುರಸ್ತಿಯ ಹಡಗು ಬಂದು ಕಡಲು ಶಾಂತವಾಗುವವರೆಗೆ ಇಡೀ ಊರು ಕತ್ತಲಲ್ಲಿ ಕಾಯಬೇಕು.

ಸ್ವಂತ ಜಾಲದ ಲೆಕ್ಕ ಹೀಗಿದೆ: ಮನೆಗೆ ದಿನಕ್ಕೆ ಒಂದೂವರೆ ಯೂನಿಟ್ ಎಂದರೆ ಒಟ್ಟು 120 ಯೂನಿಟ್. ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುವ ಕಡೆ, ಕಾಲು ಭಾಗ ನಷ್ಟವಾಗುತ್ತದೆ ಎಂದು ಹಿಡಿದರೂ, 40 ಕಿಲೋವ್ಯಾಟ್ ಫಲಕಗಳು ಸಾಕು. ಮಳೆಗಾಲದ ಮಾತು ಬೇರೆ.

ಉತ್ತರ 2:
ಲೆಕ್ಕ ಒಪ್ಪುತ್ತೇನೆ. ಆದರೆ ಇಂತಹ ಜಾಲಗಳು ಎಡವುವುದು ಹೆಚ್ಚಾಗಿ ಫಲಕಗಳ ಸಂಖ್ಯೆಯಲ್ಲಲ್ಲ, ಎಲ್ಲರೂ ಒಂದೇ ಹೊತ್ತಿಗೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಹಾಕುವ ಆ ಒಂದು ಗಂಟೆಯಲ್ಲಿ. ಸ್ಕಾಟ್ಲೆಂಡಿನ ಐಗ್ ದ್ವೀಪದ ಜನ ಇದನ್ನು ಮೊದಲೇ ಯೋಚಿಸಿದ್ದರು. 2008ರಲ್ಲಿ ಅವರು ಜಲ, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ಕಟ್ಟಿಕೊಂಡ ಜಾಲದಲ್ಲಿ ಮನೆಯೊಂದು ಏಕಕಾಲಕ್ಕೆ ಬಳಸಬಹುದಾದ ಮಿತಿ 5 ಕಿಲೋವ್ಯಾಟ್, ವ್ಯಾಪಾರದ ಜಾಗಕ್ಕೆ 10. ಜಾಲದ ಒಡೆತನ ದ್ವೀಪದವರದೇ ಆಗಿರುವುದರಿಂದ ಮಿತಿಯನ್ನು ಹೇರಿದವರೂ ಪಾಲಿಸುವವರೂ ಅವರೇ. ನಿಮ್ಮ 40 ಕಿಲೋವ್ಯಾಟಿಗೆ ಮಿತಿ ಇನ್ನೂ ಕೆಳಗಿರಬೇಕಾಗುತ್ತದೆ. ಫಲಕ ಕೊಳ್ಳುವ ಮೊದಲೇ ಊರಿನ ಸಭೆಯಲ್ಲಿ ಅದನ್ನು ನಿರ್ಧರಿಸಿ. ಒಮ್ಮೆ ಸಂಪರ್ಕ ಕೊಟ್ಟ ಮೇಲೆ ಕಡಿಮೆ ಬಳಸಿ ಎಂದರೆ ಯಾರು ಕೇಳುತ್ತಾರೆ?

ಉತ್ತರ 3:
ಎಲ್ಲರಿಗೂ ಒಂದೇ ಮಿತಿ ಎಂಬುದಕ್ಕೆ ನನ್ನ ತಕರಾರಿದೆ. ಮೀನುಗಾರಿಕೆಯನ್ನೇ ನಂಬಿದ ದ್ವೀಪದಲ್ಲಿ ಮಂಜುಗಡ್ಡೆಯ ಯಂತ್ರಕ್ಕೆ ವಿದ್ಯುತ್ ಸಿಗದಿದ್ದರೆ ಜನರ ಕೈಗೆ ದುಡ್ಡು ಬರುವುದಿಲ್ಲ, ದುಡ್ಡಿಲ್ಲದೆ ಬಿಲ್ ಕಟ್ಟುವುದಿಲ್ಲ, ಬಿಲ್ ಬಾರದೆ ಬ್ಯಾಟರಿ ಬದಲಿಸುವ ನಿಧಿ ಬೆಳೆಯುವುದಿಲ್ಲ. ಆ ಯಂತ್ರವನ್ನೂ ನೀರಿನ ಪಂಪನ್ನೂ ಬಿಸಿಲಿರುವಾಗ ನೇರವಾಗಿ ಓಡಿಸಿದರೆ ಬ್ಯಾಟರಿಯ ಮೇಲೆ ಹೊರೆಯೂ ಬೀಳುವುದಿಲ್ಲ. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ಮಾತ್ರ ಇನ್ವರ್ಟರ್ ಆರಿಸುವಾಗ ಗಮನದಲ್ಲಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಹಳೆಯ ಜನರೇಟರನ್ನು ಮಾರಿಬಿಡಬಹುದೇ?

ಉತ್ತರ 1:
ಮಾರಬೇಡಿ. ಸತತ ಮೋಡ ಮುಸುಕಿದ ವಾರದಲ್ಲಿ ಅದೇ ಆಸರೆ. ಆದರೆ ಅದನ್ನು ಅಲ್ಪ ಹೊರೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಪೂರ್ತಿ ಉರಿಯದ ಇಂಧನ ಎಂಜಿನ್ನಿನೊಳಗೆ ಮಸಿಯಾಗಿ ಕೂರುತ್ತದೆ. ಆದ್ದರಿಂದ ಬ್ಯಾಟರಿ ತಳಮುಟ್ಟುವ ಮೊದಲೇ ಅದನ್ನು ಚಾಲೂ ಮಾಡಿ, ಮುಕ್ಕಾಲು ಹೊರೆಯಲ್ಲಿ ಕೆಲವು ತಾಸು ಓಡಿಸಿ, ಬ್ಯಾಟರಿ ತುಂಬಿದ ಮೇಲೆ ನಿಲ್ಲಿಸಿಬಿಡಿ.