ಮಹಡಿ ಮನೆಯ ವಿದೇಶಿ ಹುಡುಗ ಮಂಕಾಗಿದ್ದಾನೆ, ಏನು ಮಾಡೋಣ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ನಮ್ಮ ಮಹಡಿ ಮನೆಯಲ್ಲಿ ತಾಂಜಾನಿಯಾದ ಹುಡುಗ ಬಾಡಿಗೆಗಿದ್ದಾನೆ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ. ದಸರಾ ಹೊತ್ತಿಗೆ ಖುಷಿಯಾಗಿದ್ದವನು ಈಗ ರೂಮಿನಿಂದ ಹೊರಗೇ ಬರುವುದಿಲ್ಲ, ಊಟವೂ ಅಷ್ಟಕ್ಕಷ್ಟೇ. ಮನೆಯವರಿಗೆಲ್ಲ ಚಿಂತೆಯಾಗಿದೆ.

ಉತ್ತರ:
ತುಂಬಾ ಜನಕ್ಕೆ ಹೀಗಾಗುತ್ತದೆ ಸಾರ್. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲೇ ಬರೆದಿದ್ದರು: ಹೊರದೇಶಕ್ಕೆ ಹೋದವರಿಗೆ ಮೊದಲು ಎಲ್ಲ ಚೆಂದ, ಆಮೇಲೆ ಎಲ್ಲಕ್ಕೂ ಕಿರಿಕಿರಿ, ನಿಧಾನಕ್ಕೆ ಹೊಂದಿಕೆ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗುವುದಿಲ್ಲ ಅನ್ನಿ.

ಉತ್ತರ (ಮಂಡ್ಯ):
ಊಟಕ್ಕೆ ಕರೆಯಿರಿ! ಅವರ ಕಡೆ ಉಗಾಲಿ ಅಂತ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ, ಕೈಯಲ್ಲೇ ಮುರಿದು ಸೊಪ್ಪು, ಸಾರಿನ ಜೊತೆ ತಿನ್ನುತ್ತಾರೆ, ನಮ್ಮ ರಾಗಿಮುದ್ದೆ ಅವನಿಗೆ ಹೊಸದೇನಲ್ಲ. ಅಗಿಯಬೇಡ, ನುಂಗು ಅಂತ ಮಾತ್ರ ಬಲವಂತ ಮಾಡಬೇಡಿ.

ಉತ್ತರ:
ನಾನು ಜರ್ಮನಿಯಲ್ಲಿ ಓದಿದವಳು. ಭಾನುವಾರ ಅಂಗಡಿಗಳೆಲ್ಲ ಬಂದ್, ಆ ದಿನವೇ ಒಂಟಿತನ ಜಾಸ್ತಿ. ಸುಮ್ನೆ ‘ಧೈರ್ಯವಾಗಿರು’ ಅಂದರೆ ಏನೂ ಉಪಯೋಗವಿಲ್ಲ, ದೇವರಾಜ ಮಾರ್ಕೆಟ್ಟಿಗೋ ಕುಕ್ಕರಹಳ್ಳಿ ಕೆರೆಗೋ ಜೊತೆಯಲ್ಲಿ ಕರೆದುಕೊಂಡು ಹೋಗಿ. ಊಟ, ನಿದ್ದೆ ಬಿಟ್ಟೇ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಇಂಗ್ಲಿಷಿನಲ್ಲೂ ಮಾತಾಡಬಹುದು.