ಫ್ಲಾರೆನ್ಸ್‌ನಿಂದ ಒಂದು ದಿನದ ವೈನ್ ಟೂರ್: ಸಸ್ಯಾಹಾರಿ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ತುಮಕೂರಿನ ಮಗ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಅಮ್ಮನ ಜೊತೆ ಇಟಲಿಗೆ ಹೊರಟಿದ್ದೇನೆ. ಫ್ಲಾರೆನ್ಸ್‌ನಲ್ಲಿ 3 ದಿನ ಇರುತ್ತೇವೆ. ಅದರಲ್ಲಿ ಒಂದು ದಿನ ಗೈಡ್ ಇರುವ ಬಸ್ ಟೂರ್ ಮಾಡೋಣ ಅಂತಿದ್ದೇನೆ. ಮೊಂತಾಲ್ಚಿನೊ, ಪಿಯೆಂಜಾ, ಮೊಂತೆಪುಲ್ಚಾನೊ, ಮೂರೂ ಬೆಟ್ಟದ ಮೇಲಿನ ಹಳೇ ಊರುಗಳು. ಮಧ್ಯಾಹ್ನ ತೋಟದಲ್ಲಿ ಊಟ, ವೈನ್ ಟೇಸ್ಟಿಂಗ್. ಅಮ್ಮನಿಗೆ 66 ವರ್ಷ, ಮಂಡಿ ನೋವಿದೆ. ಮೊಟ್ಟೆ ಕೂಡ ತಿನ್ನುವುದಿಲ್ಲ. ವೈನ್ ಕುಡಿಯುವವನು ನಾನೊಬ್ಬನೇ. ಅವರಿಗೆ ಇಡೀ ದಿನ ಬೇಜಾರಾಗುತ್ತದಾ? ಅಥವಾ ಕಾರು ಬಾಡಿಗೆಗೆ ತೆಗೆದುಕೊಂಡು ನಾವೇ ಹೋಗುವುದು ಒಳ್ಳೆಯದಾ?

ಧಾರವಾಡದ ಸೊಸೆ:
ಖಂಡಿತ ಕರೆದುಕೊಂಡು ಹೋಗಿ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಅತ್ತೆಯವರನ್ನು ಇದೇ ಮೂರು ಊರಿಗೆ ಕರೆದುಕೊಂಡು ಹೋಗಿದ್ದೆವು. ಅವರಿಗೆ 70. ಅವರೂ ಮೊಟ್ಟೆ ಮುಟ್ಟುವವರಲ್ಲ.

ಮೊದಲು ಮಂಡಿಯ ವಿಷಯ. ಊರಿಂದ ಊರಿಗೆ ದೂರ ಕಡಿಮೆ. ಕಷ್ಟ ಇರುವುದು ಊರೊಳಗಿನ ಏರಿನಲ್ಲಿ. ಮೊಂತೆಪುಲ್ಚಾನೊ 600 ಮೀಟರ್ ಎತ್ತರದಲ್ಲಿದೆ. ಕೆಳಗಿನ ಬಾಗಿಲಿಂದ ಮೇಲಿನ ದೊಡ್ಡ ಚೌಕದವರೆಗೆ ಕಲ್ಲು ಹಾಸಿದ ದಾರಿ, ಪೂರ್ತಿ ಏರು. ಆಗಸ್ಟ್ ಕೊನೆಯ ಭಾನುವಾರ ಅಲ್ಲಿ ಪಂದ್ಯ ನಡೆಯುತ್ತದೆ. ಊರಿನ 8 ಕೇರಿಯವರು 80 ಕಿಲೋ ತೂಕದ ಮರದ ಪೀಪಾಯಿಯನ್ನು ಇಬ್ಬಿಬ್ಬರಾಗಿ ಮೇಲಕ್ಕೆ ಉರುಳಿಸಿಕೊಂಡು ಓಡುತ್ತಾರೆ. ಅಂಥ ಏರು ಅದು! ನಿಮ್ಮ ಅಮ್ಮ ನಡೆಯುವುದು ಬೇಡ, ಮೇಲಕ್ಕೆ ಪುಟ್ಟ ಬಸ್ ಹೋಗುತ್ತದೆ. ಗೈಡ್‌ಗೆ ಬೆಳಿಗ್ಗೆಯೇ ಹೇಳಿಡಿ.

ಪಿಯೆಂಜಾ ಹಾಗಲ್ಲ, ಊರೊಳಗೆ ಹೆಚ್ಚುಕಡಿಮೆ ಸಮತಟ್ಟು. ಅಮ್ಮನಿಗೆ ಅದೇ ಜಾಸ್ತಿ ಇಷ್ಟವಾಗಬಹುದು. ಮೊದಲು ಅದು ಕೊರ್ಸಿನ್ಯಾನೊ ಅನ್ನುವ ಹಳ್ಳಿ. ಅಲ್ಲಿ ಹುಟ್ಟಿದವರು ಮುಂದೆ ಪೋಪ್ ಎರಡನೇ ಪಿಯುಸ್ ಆದರು. 1459ರಲ್ಲಿ ಹುಟ್ಟೂರನ್ನೇ ಹೊಸದಾಗಿ ಕಟ್ಟಿಸಲು ಶುರು ಮಾಡಿದರು. ಊರಿನ ಹೆಸರೂ ಅವರದೇ. ಚರ್ಚ್ ಹಿಂದಿನ ಗೋಡೆ ಹತ್ತಿರ ನಿಂತರೆ ಓರ್ಚಾ ಕಣಿವೆ ಪೂರ್ತಿ ಕಾಣುತ್ತದೆ. ಅತ್ತೆ ಅಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದರು. ಕರೆದರೂ ಏಳಲಿಲ್ಲ.

ಈಗ ಊಟ. ನಾವು ಬುಕ್ ಮಾಡುವಾಗ 'ವೆಜಿಟೇರಿಯನ್' ಅಂತ ಗುರುತು ಹಾಕಿದ್ದೆವು. ಆದರೂ ಮೊದಲ ತಟ್ಟೆ ತುಂಬ ಹಂದಿ ಮಾಂಸದ ಚೂರು ಬಂತು. ಅತ್ತೆಯ ಮುಖ ನೋಡಿ ನನಗೆ ತುಂಬಾ ಸಂಕಟವಾಯಿತು. ನೀವು ಹಿಂದಿನ ದಿನವೇ ಫೋನ್ ಮಾಡಿ, ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ ಅಂತ ಒಂದೊಂದಾಗಿ ಬಿಡಿಸಿ ಹೇಳಿ. ನಮಗೆ ಆಮೇಲೆ ಅಲ್ಲಿ ಅಡುಗೆ ಮಾಡುವ ಅಮ್ಮ ತಾನೇ ಬಂದು ಪೀಚಿ ಅನ್ನುವ ಪಾಸ್ತಾ ಮಾಡಿಕೊಟ್ಟರು. ಮೈದಾ ಮತ್ತು ನೀರು ಕಲಸಿ, ಅಂಗೈಯಲ್ಲಿ ಹೊಸೆದು ಉದ್ದ ಮಾಡುತ್ತಾರೆ. ಮೇಲೆ ಟೊಮೆಟೊ, ಬೆಳ್ಳುಳ್ಳಿ. ಅತ್ತೆ ಎದ್ದು ಹೋಗಿ ನೋಡಿ, "ನಮ್ಮ ಶಾವಿಗಿನ ಇದು, ದಪ್ಪ ಆಗೇದ ಅಷ್ಟ" ಅಂದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಜೊತೆಯಲ್ಲಿ ನಿಂತು ಹೊಸೆದರು. ಕೆಲವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ರಿಬೊಲ್ಲಿತಾ ಅನ್ನುವ ಬ್ರೆಡ್, ಕಾಳು, ಸೊಪ್ಪಿನ ಗಟ್ಟಿ ಸಾರು ಕೂಡ ಚೆನ್ನಾಗಿರುತ್ತದೆ. ಅದರಲ್ಲೂ ಮಾಂಸದ ಸ್ಟಾಕ್ ಇದೆಯಾ ಅಂತ ಕೇಳಿ.

ಪಿಯೆಂಜಾದ ಕುರಿ ಹಾಲಿನ ಪೆಕೊರಿನೊ ಚೀಸ್ ಎಲ್ಲರೂ ರುಚಿ ನೋಡಲು ಕೊಡುತ್ತಾರೆ. ಹಾಲು ಗಟ್ಟಿಯಾಗಲು ಸಾಮಾನ್ಯವಾಗಿ ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಬಿಡಿ. "ಕಾಲ್ಯೋ ವೆಜೆತಾಲೆ" ಅಂತ ಕೇಳಿದರೆ ಗಿಡದ ರೆನೆಟ್ ಹಾಕಿದ್ದು ಇದ್ದರೆ ತೋರಿಸುತ್ತಾರೆ.

ಹಾಸನ ಟು ಮಿಲಾನ್:
ಕಾರು ಬೇಡ ಗುರು. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಲೀಟರ್‌ಗೆ 0.5 ಗ್ರಾಂ. ಮೂರು ಕಡೆ ರುಚಿ ನೋಡಿ ಗಾಡಿ ಓಡಿಸೋದು ತಪ್ಪು. ಹಳೇ ಊರುಗಳ ಒಳಗೆ ಹೊರಗಿನ ಕಾರಿಗೆ ನಿರ್ಬಂಧ ಇರುತ್ತದೆ, ಕ್ಯಾಮೆರಾ ಹಿಡಿಯುತ್ತದೆ. ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಮೊಂತಾಲ್ಚಿನೊದಲ್ಲಿ ಬ್ರುನೆಲ್ಲೊ ಅನ್ನುವ ಕೆಂಪು ವೈನ್ ಕುಡಿದು ನೋಡಿ. ಸಾಂಜೊವೇಸೆ ಅನ್ನುವ ಒಂದೇ ಜಾತಿಯ ದ್ರಾಕ್ಷಿ. ಕೊಯ್ಲಾದ ಮೇಲೆ ಐದನೇ ವರ್ಷ ಹುಟ್ಟುವ ತನಕ ಮಾರುವ ಹಾಗಿಲ್ಲ. ಬೆಲೆ ಜಾಸ್ತಿ ಅನ್ನಿಸಿದರೆ ರೊಸ್ಸೊ ತಗೊಳ್ಳಿ, ಅದೇ ದ್ರಾಕ್ಷಿ, ಬೇಗ ಬರುತ್ತದೆ. ನೀವು ಹೋಗುವುದು ಕೊಯ್ಲಿನ ಹೊತ್ತು, ಅದೃಷ್ಟ.

ತುಮಕೂರಿನ ಮಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಸ್ಸೇ ಸರಿ. ಅಕ್ಕಾ, ನೀವು ವೈನ್ ರುಚಿ ನೋಡುವಾಗ ನಿಮ್ಮ ಅತ್ತೆ ಏನು ಮಾಡಿದರು?

ಧಾರವಾಡದ ಸೊಸೆ:
ದ್ರಾಕ್ಷಿ ಸಾಲಿನಲ್ಲಿ ಒಂದು ಸುತ್ತು ಹಾಕಿದರು. ಆಮೇಲೆ ನಮ್ಮ ಜೊತೆಯೇ ಕೂತರು. ಅವರಿಗೆ ಬ್ರೆಡ್, ಆಲಿವ್ ಎಣ್ಣೆ ಕೊಟ್ಟರು. ಅಲ್ಲಿಯ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ಅತ್ತೆ ಒಂದು ತುತ್ತು ತಿಂದು, ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಎಣ್ಣೆಗೆ ಕಲಸಿದರು. ಪಕ್ಕದಲ್ಲಿದ್ದ ಡ್ರೈವರ್‌ಗೂ ಕೊಟ್ಟರು. ಅವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ನೀವೂ ಒಂದು ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ.