ಅಪ್‌ಡೇಟ್: ಎರಡನೇ ರೂಟರ್ ಕೊನೆಗೂ ಸರಿಹೋಯಿತು

ಮೋಡೆಮ್‌ಗೆ ಇನ್ನೊಂದು ರೂಟರ್, ಒಂದು ಸ್ವಿಚ್ (ಒಂದು ನೆಟ್ ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ) ಸೇರಿಸಿದ ಮೇಲೆ ಮಹಡಿಯಲ್ಲಿ ವೈಫೈ ತೋರಿಸಿದರೂ ನೆಟ್ ಬರುತ್ತಿಲ್ಲ, ಪ್ರಿಂಟರ್ ಕಾಣುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ, ಈಗ ಎಲ್ಲಾ ಸರಿಯಾಗಿದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದೇ ನಿಜ. ನನ್ನ ಮೋಡೆಮ್ ಒಳಗೇ ಒಂದು ರೂಟರ್ ಇದೆ. ಅದಕ್ಕೂ ಹೊಸ ರೂಟರಿಗೂ 192.168.1.1 ಅನ್ನೋ ಒಂದೇ ವಿಳಾಸ, ಎರಡೂ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ತಾನಾಗಿಯೇ ವಿಳಾಸ ಹಂಚುವ ಕೆಲಸ) ನಡೆಸುತ್ತಿದ್ದವು. ಹೊಸ ರೂಟರನ್ನು ಬಿಚ್ಚಿ, ಲ್ಯಾಪ್‌ಟಾಪ್‌ಗೆ ಮಾತ್ರ ಕೇಬಲ್ ಹಾಕಿ, ಮೊದಲು ವಿಳಾಸವನ್ನು 192.168.1.2 ಮಾಡಿ, ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿದೆ. ಮೋಡೆಮ್‌ನಿಂದ ಬರುವ ಕೇಬಲನ್ನು ಹೊಸ ರೂಟರಿನ ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್‌ಗೆ ಇರುವುದು) ಬಿಟ್ಟು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳಿಗೆ ಇರುವುದು) ಚುಚ್ಚಿದೆ. ಅಷ್ಟೇ, ಪ್ರಿಂಟರ್ ತಕ್ಷಣ ಕಾಣಿಸಿತು. ಎಷ್ಟು ಖುಷಿಯಾಯಿತು ಗೊತ್ತಾ!

ಸ್ವಿಚ್‌ಗೆ ಯಾವ ಸೆಟ್ಟಿಂಗೂ ಬೇಕಾಗಲಿಲ್ಲ. ಆದರೆ ಒಂದು ಪೋರ್ಟಿನಲ್ಲಿ ಸ್ಪೀಡ್ 100 ಎಂಬಿಪಿಎಸ್ ದಾಟುತ್ತಲೇ ಇರಲಿಲ್ಲ, ಸುಮ್ನೆ ಸ್ವಿಚ್ ಮೇಲೆ ಅನುಮಾನ ಪಟ್ಟೆ. ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ಪ್ಲಗ್ಗಿನ ಕೊನೆವರೆಗೂ ಹೋಗಿರಲಿಲ್ಲ. 100ಕ್ಕೆ 4 ತಂತಿ ಸಾಕು, ಗಿಗಾಬಿಟ್‌ಗೆ (ಅಂದರೆ 1000 ಎಂಬಿಪಿಎಸ್‌ಗೆ) 8 ತಂತಿಯೂ ಬೇಕು. ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದ ಮೇಲೆ ಪೂರ್ತಿ ಸ್ಪೀಡ್ ಬರುತ್ತಿದೆ.

ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೇನೆ, ಒಂದಕ್ಕೊಂದು ಅಡ್ಡ ಬರದಂತೆ ಚಾನೆಲ್ ಮಾತ್ರ ಬೇರೆ ಬೇರೆ, 1 ಮತ್ತು 11.